ಒಂದು ಕೊಡದ ಭಾರ

ಗೇನಪ್ಪ ಮಿಸ್ತ್ರಿ ಕಬ್ಬಿಣಕ್ಕೆ ಬಹುವಚನ ಕೊಡುತ್ತಿದ್ದ, ಮನುಷ್ಯರಿಗೆ ಕೊಡುತ್ತಿರಲಿಲ್ಲ. ತುಕ್ಕು ಹಿಡಿದ ನಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಬರ್ರಿ, ಭಾಳ ದಿನಾ ಆತು ಕುಂತಲ್ಲೇ ಕುಂತೀರಿ, ಸ್ವಲ್ಪ ತಿರುಗ್ರಿ" ಎಂದು ಪಾನಾ ಹಾಕಿ ತಿರುವುತ್ತಿದ್ದ. ಅದೇ ಹೊತ್ತಿಗೆ ಕಾರಿನಿಂದ ಇಳಿದು ಬಂದ ದ್ರಾಕ್ಷಿ ತೋಟದ ಸಾಹುಕಾರರಿಗೆ "ಲೇ, ಬೆಳಕ ಬಿಟ್ಟು ನಿಂದರ" ಎನ್ನುತ್ತಿದ್ದ. ಗಂಡಸರಿಗೆ 'ಲೇ', ಹೆಂಗಸರಿಗೆ 'ಬೇ', ಸ್ಪ್ರಿಂಗಿಗೆ 'ರಿ'. ಪರಿಚಯವಾದ ಹೊಸದರಲ್ಲಿ ನಾನು ಒಮ್ಮೆ ಸಭ್ಯಸ್ಥನಾಗಿ "ಗೇನಪ್ಪನವರೇ" ಅಂದೆ. ಮುಖ ಗಂಟಿಕ್ಕಿ ನೋಡಿದ. "ಯಾಕಲೇ, ನಾ ಏನ ಕಬ್ಬಣಾ ಅದೀನೇನ?" ಹೀಗಾಗಿ ಇಲ್ಲಿಯೂ ಅವನನ್ನು ಏಕವಚನದಲ್ಲೇ ಬರೆಯುತ್ತಿದ್ದೇನೆ. ಅದು ಅವನದೇ ಅಪ್ಪಣೆ.

ಟಿಕೋಟಾ ಬಸ್ ನಿಲ್ದಾಣ ದಾಟಿ ವಿಜಯಪುರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಅವನ ತಗಡಿನ ಅಂಗಡಿ. ಬೋರ್ಡಿನ ಮೇಲೆ 'ಇಲ್ಲಿ ಟೇಲರ್ ಕೆಲಸ ಮಾಡಲಾಗುವುದು' ಎಂದು ಬರೆಸಿದ್ದ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿಗೆ ನಮ್ಮ ಕಡೆ ಟ್ರೇಲರ್ ಎಂದು ಯಾರೂ ನಾಲಿಗೆ ತಿರುವುವುದಿಲ್ಲ, ಟೇಲರ್ ಅಂದರೆ ಮುಗಿಯಿತು. ದಕ್ಷಿಣದಿಂದ ಹೊಸದಾಗಿ ವರ್ಗವಾಗಿ ಬಂದ ಮಾಸ್ತರರೊಬ್ಬರು ಬೋರ್ಡು ಓದಿ ಪ್ಯಾಂಟಿನ ಬಟ್ಟೆ ಹಿಡಿದು ಬಂದಿದ್ದರು. ಗೇನಪ್ಪ ಬಟ್ಟೆಯನ್ನು ಮುಟ್ಟಿ ನೋಡಿ, "ಇಟ್ಟ ಹೋಗಲೇ, ಸಂಜೀಕ ವೆಲ್ಡಿಂಗ್ ಮಾಡಿ ಇಟ್ಟಿರ್ತೀನಿ" ಎಂದನಂತೆ. ಅವನ ಬಳಿ ಅಳತೆಯ ಟೇಪು ಇರಲಿಲ್ಲ. ಎಲ್ಲವನ್ನೂ ಗೇಣಿನಲ್ಲಿ ಅಳೆಯುತ್ತಿದ್ದ. ಅದಕ್ಕೇ ಗೇನಪ್ಪ ಎಂಬ ಹೆಸರು ಬಂದಿದೆಯೆಂದು ಗಿರಾಕಿಗಳು ನಂಬಿದ್ದರು, ಅವನೂ ಅವರ ನಂಬಿಕೆಗೆ ಭಂಗ ತಂದಿರಲಿಲ್ಲ.

ಇನ್ನು ನನ್ನ ವಿಷಯ. ಬಬಲೇಶ್ವರ ತಾಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಗುಮಾಸ್ತ. ಊರಿನ ಹೆಸರು ಹೇಳುವುದಿಲ್ಲ, ನನ್ನ ನೌಕರಿ ಇನ್ನೂ ಆರು ವರ್ಷ ಉಳಿದಿದೆ. ಸಭೆಯಲ್ಲಿ ಆದ ಮಾತನ್ನು ಠರಾವು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಗದೆ ಇದ್ದ ಮಾತನ್ನು ಬರೆಯುವುದೂ ನನ್ನದೇ ಕೆಲಸ. ನಮ್ಮ ಅಧ್ಯಕ್ಷೆ ಹತ್ತನೆಯ ತರಗತಿ ಪಾಸಾದ ಹೆಣ್ಣುಮಗಳು. ಮೀಸಲಾತಿಯಿಂದ ಖುರ್ಚಿ ಅವರಿಗೆ ಬಂದಿತ್ತು, ಕೂರುವ ತೊಂದರೆಯನ್ನು ಮಾತ್ರ ಅವರ ಯಜಮಾನರು ವಹಿಸಿಕೊಂಡಿದ್ದರು. ಸಭೆಯಲ್ಲಿ ಅಧ್ಯಕ್ಷೆ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ಪುಸ್ತಕ ಮುಂದಿಟ್ಟಾಗ ಸಹಿಯ ಜಾಗದಲ್ಲಿ ಒಂದಕ್ಷರ ಗೀಚಿ ಹಿಂದಕ್ಕೆ ಸರಿಸುತ್ತಿದ್ದರು.

ಊರಿನ ಕಸ ಒಯ್ಯಲು ಪಂಚಾಯತಿಗೆ ಹೊಸ ಟ್ರೇಲರ್ ಮಾಡಿಸುವ ಕಾಲ ಬಂದಿತು. ಯಜಮಾನರು ಹಿಂದಿನ ಬಾಗಿಲು ಗಟ್ಟಿಯಾಗಿರಬೇಕೆಂದು ಎರಡು ಪಟ್ಟು ದಪ್ಪದ ತಗಡು ಹಾಕಿಸಿದರು. ಆ ತಗಡಿನ ಮೇಲೆ ಕಬ್ಬಿಣದ ಪಟ್ಟಿ ಕತ್ತರಿಸಿ ಮಾಡಿದ ಅಕ್ಷರಗಳನ್ನು ಬೆಸೆಯಿಸಿದರು: ಮೇಲೆ ಚಿಕ್ಕದಾಗಿ ಅಧ್ಯಕ್ಷೆಯ ಹೆಸರು, ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ ತಮ್ಮ ಸ್ವಂತ ಹೆಸರು, ಬಿರುದು ಸಮೇತ. ಬಣ್ಣದಲ್ಲಿ ಬರೆಸಿದರೆ ಮಳೆಗೆ ಹೋಗುತ್ತದಂತೆ. ಒಟ್ಟಿನಲ್ಲಿ ಊರಿನ ಕಸವೆಲ್ಲ ಅವರ ಹೆಸರಿನ ಹಿಂದೆ ಸುರಕ್ಷಿತವಾಗಿತ್ತು.

ಈ ಬಾಗಿಲನ್ನು ದಿನವೂ ಇಳಿಸಿ ಎತ್ತಬೇಕಾದವಳು ದುಂಡವ್ವ. ಹೆಸರಷ್ಟೇ ದುಂಡವ್ವ, ಆಳು ಕಡ್ಡಿ. ಹನ್ನೊಂದು ವರ್ಷದಿಂದ ಊರಿನ ಕಸ ಎತ್ತುತ್ತಿದ್ದಳು. ಓಣಿಯಿಂದ ಓಣಿಗೆ ಬಾಗಿಲು ಇಳಿಸಿ ಬುಟ್ಟಿ ಸುರಿಯಬೇಕು, ಮತ್ತೆ ಎತ್ತಿ ಚಿಲಕ ಹಾಕಬೇಕು. ಡ್ರೈವರ್ ಸೀಟಿನಿಂದ ಇಳಿಯುತ್ತಿರಲಿಲ್ಲ, ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಗಿಲು 'ಧಡ್' ಎಂದರೆ ಗಾಡಿ ಬಿಡುವುದು, ಅಷ್ಟೇ ಅವನ ಕಾನೂನು. ಹಳೆಯ ಬಾಗಿಲನ್ನು ಹೇಗೋ ಎತ್ತುತ್ತಿದ್ದ ದುಂಡವ್ವ ಹೊಸದಕ್ಕೆ ದಾರಿಹೋಕ ಗಂಡಸರ ಕೈಕಾಲು ಹಿಡಿಯಬೇಕಾಯಿತು. ಒಂದು ದಿನ ಯಾರೂ ಸಿಗಲಿಲ್ಲ. ಒಬ್ಬಳೇ ಎತ್ತಲು ಹೋಗಿ ಕೈ ಜಾರಿತು, ಬಾಗಿಲು ಕಾಲ ಮೇಲೆ ಬಿದ್ದು ಹೆಬ್ಬೆರಳ ಉಗುರು ಕಿತ್ತುಬಂತು.

ಯಜಮಾನರಿಗೆ ಬಹಳ ಕನಿಕರ ಬಂತು. ಕನಿಕರ ಬಂದಾಗಲೆಲ್ಲ ಅವರು ನನ್ನನ್ನು ಕರೆಯುತ್ತಾರೆ. "ಬರಕೋರಿ" ಎಂದರು. ಬರೆದುಕೊಂಡೆ: 'ಬಾಗಿಲು ಎತ್ತುವ ಸಾಮರ್ಥ್ಯ ಇಲ್ಲದ ಕಾರಣ, ಶ್ರೀಮತಿ ದುಂಡವ್ವ ಇವರನ್ನು ಅವರ ಆರೋಗ್ಯದ ಹಿತದೃಷ್ಟಿಯಿಂದ ಕೆಲಸದಿಂದ ಬಿಡಿಸಿ, ಸಮರ್ಥ ಪುರುಷರೊಬ್ಬರನ್ನು ನೇಮಿಸತಕ್ಕದ್ದು.' ಸಮರ್ಥ ಪುರುಷ ಯಾರೆಂದು ಹೇಳಬೇಕಾಗಿರಲಿಲ್ಲ, ಅವರ ತಂಗಿಯ ಮೈದುನ ಆಗಲೇ ಅಂಗಳದಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದ. ಸೋಮವಾರದ ಸಭೆಯಲ್ಲಿ ಇದು ಪಾಸಾಗಬೇಕಿತ್ತು. ಕರಡಿನ ಪ್ರತಿಯನ್ನು ದುಂಡವ್ವನಿಗೆ ಕೊಟ್ಟು ಓದಿ ಹೇಳಿದೆ. ಯಾರು ಬರೆದರು ಎಂಬುದನ್ನು ಮಾತ್ರ ಹೇಳಲಿಲ್ಲ. "ಎತ್ತಿದ್ರ ಬಿಡಸಂಗಿಲ್ಲೇನ್ರಿ, ಸರ?" ಎಂದು ಕೇಳಿದಳು. ಮರುದಿನ ಚಿಲಕ ರಿಪೇರಿ ಎಂದು ಚೀಟಿ ಬರೆದು ಟ್ರೇಲರನ್ನು ಟಿಕೋಟಾಕ್ಕೆ ಕಳಿಸಿ, ದುಂಡವ್ವನನ್ನು ಕರೆದುಕೊಂಡು ಹಿಂದೆಯೇ ಬಸ್ಸಿನಲ್ಲಿ ಹೋದೆ.

ಗೇನಪ್ಪ ಬಾಗಿಲನ್ನು ಒಮ್ಮೆ ಎತ್ತಿ ನೋಡಿ, ಅಕ್ಷರಗಳ ಮೇಲೆ ಕೈಯಾಡಿಸಿದ.

"ಇದಕ್ಕ ಯಂತ್ರ ಯಾಕ ಬೇಕಲೇ? ಈ ಹೆಸರ ಕಿತ್ತ ಒಗದ್ರ ಅರ್ಧಾ ಹಗುರ ಆಗ್ತೈತಿ."

"ಅದೊಂದು ಆಗಂಗಿಲ್ಲ, ಮಿಸ್ತ್ರಿ. ಅದನ್ನ ಕಿತ್ರ ನನ್ನ ಹೆಸರೂ ಹಾಜರಿ ಪುಸ್ತಕದಿಂದ ಹೋಗ್ತೈತಿ."

"ಹಂಗಾರ ಇವರಿಗೆ ಸ್ಪ್ರಿಂಗ್ ಹಾಕೂಣು" ಎಂದ. ಇವರು ಎಂದರೆ ಬಾಗಿಲು.

ಮಾರನೆಯ ದಿನ ನಾನೂ ಗೇನಪ್ಪನೂ ವಿಜಯಪುರದ ಗಾಂಧಿ ಚೌಕಕ್ಕೆ ಹೋದೆವು. ಉಕ್ಕಿನ ಹಗ್ಗ ಮತ್ತು ಬಾವಿಯ ರಾಟೆಯಂಥ ಒಂದು ಸಣ್ಣ ಗಡಗಡಿ ಬೇಕಿತ್ತು. ಅಂಗಡಿಯವನು ಹೊಳೆಯುವ ಒಂದು ಕೊಳವೆ ತೆಗೆದು, ಇದರೊಳಗೆ ಗ್ಯಾಸ್ ಇದೆ, ಬಾಗಿಲು ತಾನೇ ಏಳುತ್ತದೆ, ಪರದೇಶದ ಮಾಲು ಎಂದು ವರ್ಣಿಸಿದ. ಗೇನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಭಾಳ ದೂರಿಂದ ಬಂದೀರಿ. ನಮ್ಮ ಧೂಳದಾಗ ಎಷ್ಟ ದಿನಾ ಇರ್ತೀರಿ?" ಎಂದು ವಿಚಾರಿಸಿದ. ಉತ್ತರ ಬರಲಿಲ್ಲ. "ಇವರಿಗೆ ನಮ್ಮ ಹವಾ ಒಗ್ಗಂಗಿಲ್ಲ. ಒಳಗ ಇಡಲೇ" ಎಂದು ಅಂಗಡಿಯವನಿಗೆ ಮರಳಿಸಿದ.

ಸ್ಪ್ರಿಂಗುಗಳು ಅವನಲ್ಲೇ ಇದ್ದವು, ಗುಜರಿಗೆ ಹೋದ ಜೀಪು ಮೋಟರ್ ಸೈಕಲ್ಲುಗಳಿಂದ ಬಿಚ್ಚಿ ಇಟ್ಟವು. ಟ್ರೇಲರಿನ ಬಲಮಗ್ಗುಲಿಗೆ ಉದ್ದನೆಯ ಪೈಪು ಬಿಗಿದ. ಪೈಪಿನೊಳಗೆ ಸ್ಪ್ರಿಂಗುಗಳನ್ನು ಸಾಲಾಗಿ ಇಳಿಸಿ, ನಡುವೆ ಹಗ್ಗ ಹಾಯಿಸಿ, ಮೂಲೆಯಲ್ಲಿ ಗಡಗಡಿ ಕೂಡಿಸಿ, ಹಗ್ಗದ ತುದಿಯನ್ನು ಬಾಗಿಲಿಗೆ ಸಿಕ್ಕಿಸಿದ. ಬಾಗಿಲು ಇಳಿದರೆ ಹಗ್ಗ ಎಳೆದು ಸ್ಪ್ರಿಂಗು ಕುಗ್ಗಬೇಕು, ಎತ್ತುವಾಗ ಅದೇ ಸ್ಪ್ರಿಂಗು ಹಿಗ್ಗಿ ಕೈಜೋಡಿಸಬೇಕು. ಮೊದಲ ಸಲ ಬಿಗಿ ಹೆಚ್ಚಾಯಿತು. ಬಾಗಿಲು ನೆಲ ಮುಟ್ಟಲೊಲ್ಲದೆ ನಡುದಾರಿಯಲ್ಲೇ ನಿಂತುಬಿಟ್ಟಿತು. "ಇಷ್ಟ ಸೆಟಗೊಂಡ್ರ ಹೆಂಗ್ರಿ?" ಎಂದು ಸಮಾಧಾನ ಹೇಳುತ್ತಾ ಒಂದು ಸ್ಪ್ರಿಂಗು ಹೊರಗೆ ತೆಗೆದ.

ಆಮೇಲೆ ಅವನು ಮಾಡಿದ್ದನ್ನು ಬೇರೆ ಯಾವ ಮಿಸ್ತ್ರಿಯೂ ಮಾಡುತ್ತಿರಲಿಲ್ಲ. ಟ್ರೇಲರನ್ನು ಬಿಟ್ಟು, ಮತ್ತೆ ಕರೆಸಿದ್ದ ದುಂಡವ್ವನನ್ನು ಅಳೆಯತೊಡಗಿದ. ನೆಲದಿಂದ ಅವಳ ಎದೆಯ ಮಟ್ಟ ಎಷ್ಟು ಗೇಣು ಎಂದು ಪಕ್ಕದ ಕಂಬದ ಮೇಲೆ ಎಣಿಸಿದ.

"ಬೇ, ನೀರಿನ ಕೊಡಾ ಒಬ್ಬಾಕಿನ ಎತ್ತಿ ತಲಿ ಮ್ಯಾಲ ಇಟಗೋತಿ?"

"ದಿನಾ ಇಟಗೋತೀನಿ, ಯಪ್ಪಾ. ಹತ್ತ ಕೊಡಾ ಬೇಕಾಗ್ತಾವ ಮನಿಗೆ."

"ಹಂಗಾರ ಒಂದ ಕೊಡದ ಭಾರ ಉಳಸ್ತೀನಿ."

ನಳದಲ್ಲಿ ಕೊಡ ತುಂಬಿ ತರಿಸಿದ. ದುಂಡವ್ವ ಕಣ್ಣು ಮುಚ್ಚಿಕೊಂಡು ಒಮ್ಮೆ ಕೊಡ ಎತ್ತಬೇಕು, ಒಮ್ಮೆ ಬಾಗಿಲು ಎತ್ತಬೇಕು, ಯಾವುದು ಹೆಚ್ಚು ಭಾರ ಎಂದು ಹೇಳಬೇಕು. ಅವಳು "ಬಾಗಲಾ" ಎಂದಾಗಲೆಲ್ಲ ಪಾನಾ ಹಿಡಿದು ಒಂದು ಸುತ್ತು ಬಿಗಿಯುತ್ತಿದ್ದ, "ಕೊಡಾ" ಎಂದಾಗ ಅರ್ಧ ಸುತ್ತು ಸಡಿಲಿಸುತ್ತಿದ್ದ. ಪೂರ್ತಿ ಹಗುರ ಮಾಡಬಾರದೇ ಎಂದು ನಾನು ಕೇಳಿದೆ. "ಗಾಳಿ ಬಿಟ್ರ ತಾನಽ ಮುಚ್ಚಿ ಅಕಿ ಬೆರಳ ತಿಂತೈತಿ. ನೀ ಬರಿಯೂದ ಬರಿಯಲೇ, ನನಗ ಹೇಳಬ್ಯಾಡ" ಎಂದ. ಮಧ್ಯಾಹ್ನ ದಾಟಿತ್ತು. ಕೊನೆಗೊಮ್ಮೆ ದುಂಡವ್ವ ಎರಡನ್ನೂ ಎತ್ತಿ, ಕಣ್ಣು ಮುಚ್ಚಿಕೊಂಡೇ ನಿಂತಳು. "ಎರಡೂ ಒಂದಽ ಅನಸ್ತಾವ" ಎಂದಳು. ಹಾಗೆ ಹೇಳಿ ಅಳತೊಡಗಿದಳು. ಗೇನಪ್ಪನಿಗೆ ಅಳುವವರನ್ನು ಸಂಭಾಳಿಸಲು ಬರುತ್ತಿರಲಿಲ್ಲ. ಕೊಡದ ನೀರನ್ನು ಅವಳಿಗೇ ಕುಡಿಯಲು ಕೊಟ್ಟು, ಹಗ್ಗಕ್ಕೆ ಗ್ರೀಸ್ ಹಚ್ಚುತ್ತಾ ಆ ಕಡೆ ತಿರುಗಿ ಕೂತ.

ಸೋಮವಾರ ದುಂಡವ್ವ ಬಾಗಿಲು ಎತ್ತಬಲ್ಲಳೋ ಇಲ್ಲವೋ ನೋಡಲು ಪಂಚಾಯತಿ ಮುಂದೆ ಜನ ಸೇರಿತ್ತು. ಮಗ್ಗುಲಿನ ಪೈಪು ಏತಕ್ಕೆಂದು ನಾನು ಯಜಮಾನರಿಗೆ ಹೇಳಿರಲಿಲ್ಲ. ರಿಪೇರಿಯಾಗಿ ಬಂದ ಟ್ರೇಲರಿನ ಪೂಜೆಗೆ ಕಾಯಿ, ಕರ್ಪೂರ ಎಲ್ಲ ಬಂದಿದ್ದವು. ಯಜಮಾನರು ಯಾವುದೋ ಸನ್ಮಾನದಲ್ಲಿ ಬಂದ ಶಾಲನ್ನು ಹೊದ್ದು, ಅದು ಜಾರಬಾರದೆಂದು ಭುಜಕ್ಕೆ ಪಿನ್ನು ಹಾಕಿಕೊಂಡಿದ್ದರು. ಗೇನಪ್ಪನೂ ಬಂದು ಮೂಲೆಯಲ್ಲಿ ಬೀಡಿ ಹಚ್ಚಿದ್ದ. ದುಂಡವ್ವ ಮುಂದೆ ಬಂದಳು. ಯಜಮಾನರು ಕೈಯೆತ್ತಿ ತಡೆದರು.

"ಮದ್ಲ ನಾ ಎತ್ತತೀನಿ. ಗಂಡಸಿಗೇ ಎಷ್ಟ ತ್ರಾಸ ಆಗ್ತೈತಿ ಅನ್ನೂದ ಮಂದಿಗೆ ತಿಳೀಲಿ."

ಅಂಗೈಗೆ ಉಗುಳಿಕೊಂಡರು. ಧೋತರ ಮೇಲೆ ಕಟ್ಟಿದರು. ತ್ರಾಸು ಕಾಣಿಸಬೇಕೆಂದು ಮೊದಲೇ ಹಲ್ಲು ಕಚ್ಚಿ, ಇಬ್ಬರು ಆಳಿನ ಬಲ ಹಾಕಿ ಎತ್ತಿದರು. ಒಂದು ಕೊಡದ ಭಾರ ಉಳಿದಿದ್ದ ಬಾಗಿಲು ಗಾಳಿಯಲ್ಲಿ ಹಾರಿ ಹೋಗಿ 'ಧಡ್' ಎಂದು ಮುಚ್ಚಿ, ಚಿಲಕ ತಾನೇ ಬಿತ್ತು. ಶಾಲಿನ ಅಂಚು ಒಳಗೆ ಸಿಕ್ಕಿಕೊಂಡಿತು. ಧಡ್ ಎಂದ ಮೇಲೆ ಡ್ರೈವರ್ ಇನ್ನೇನು ಮಾಡುತ್ತಾನೆ? ಗಾಡಿ ಬಿಟ್ಟ.

ಯಜಮಾನರು ತಮ್ಮದೇ ಹೆಸರಿನ ಬೆನ್ನು ಹತ್ತಿ ಹಿಟ್ಟಿನ ಗಿರಣಿಯ ತನಕ ಓಡಿದರು. ಪಿನ್ನು ಬಿಚ್ಚಲು ಕೈಗೆ ಪುರುಸೊತ್ತಿರಲಿಲ್ಲ. ಸುತ್ತಲಿನವರು ಚಪ್ಪಾಳೆ ತಟ್ಟಿದರು, ಕೆಲವರಿಗೆ ಇದೂ ಕಾರ್ಯಕ್ರಮದ ಭಾಗ ಎನ್ನಿಸಿತ್ತು. ದುಂಡವ್ವ ಕುಂಟುತ್ತಲೇ ಓಡಿ ಮುಂದೆ ಹೋಗಿ ಗಾಡಿ ನಿಲ್ಲಿಸಿದಳು. ಚಿಲಕ ತೆಗೆದು ಬಾಗಿಲು ಇಳಿಸಿ ಶಾಲು ಬಿಡಿಸಿ ಕೊಟ್ಟಳು. ಮತ್ತೆ ಬಾಗಿಲನ್ನು ಎತ್ತಿ ಚಿಲಕ ಹಾಕಿದಳು. ಒಬ್ಬಳೇ ಎತ್ತಿದ್ದನ್ನು ಇಡೀ ಸಭೆ ನೋಡಿತ್ತು. ಅಧ್ಯಕ್ಷೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ಠರಾವಿನ ಹಾಳೆಯನ್ನು ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ.

ಊರ ಗಂಡಸರು ಅದಕ್ಕೆ ಹೆಂಗಸರ ಬಾಗಿಲು ಎಂದು ಹೆಸರಿಟ್ಟು ಒಂದು ತಿಂಗಳು ನಕ್ಕರು. ಎರಡನೆಯ ತಿಂಗಳು ಯಜಮಾನರ ಸ್ವಂತ ಟ್ರೇಲರು, ಮಣೂಕ ಎಂಬ ಒಣದ್ರಾಕ್ಷಿ ತುಂಬುವುದು, ಟಿಕೋಟಾದ ಅಂಗಡಿಯ ಮುಂದೆ ನಿಂತಿತ್ತು. "ಅಂವಗೂ ಕೊಡದ ಲೆಕ್ಕಾನ ಹಾಕೀನಿ" ಎಂದ ಗೇನಪ್ಪ. ಬೀಡಿ ಹಚ್ಚಿ ಹೇಳಿದ, "ಅಂವಗ ಸಣ್ಣ ಕೊಡಾ ತರಸಬೇಕಾತು."

ನಾನು ಅವನನ್ನು ಕೊನೆಯ ಸಲ ನೋಡಿದ್ದು ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಗಲ್ಲಿಯ ಅವನ ತಂಗಿಯ ಮನೆಯಲ್ಲಿ. ಜೀವಮಾನವೆಲ್ಲ ವೆಲ್ಡಿಂಗಿನ ಬೆಳಕು ನೋಡಿದ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಎರಡಕ್ಕೂ ಪಟ್ಟಿ ಕಟ್ಟಿದ್ದರು. ಕೆಮ್ಮಿನಿಂದಲೇ ನನ್ನ ಗುರುತು ಹಿಡಿದ. ಅವನಿಗೆ ಕಾಣುವುದಿಲ್ಲ ಎಂಬ ಧೈರ್ಯಕ್ಕೋ ಏನೋ, ಎರಡು ವರ್ಷದಿಂದ ಒಳಗಿಟ್ಟುಕೊಂಡದ್ದು ಹೊರಗೆ ಬಂತು.

"ಮಿಸ್ತ್ರಿ, ದುಂಡವ್ವನ್ನ ಬಿಡಸೂ ಠರಾವು ಬರದಾಂವ ನಾನಽ."

"ಗೊತ್ತೈತಿ. ಅವತ್ತಽ ಅಕಿ ಕಾಗದಾ ತೋರಿಸಿದ್ಲು. ನೀ ಕಳಿಸಿದ ಚಿಲಕದ ಚೀಟಿ ಮ್ಯಾಲಿನ ಅಕ್ಷರಾನೂ ಅವಽ, ಕಾಗದದ ಮ್ಯಾಲಿನ ಅಕ್ಷರಾನೂ ಅವಽ."

"ಮತ್ತ ನೀ ಏನೂ ಅನಲಿಲ್ಲ?"

"ಏನ ಅನ್ನೂದಲೇ? ನಿನ್ನ ಅಕ್ಷರ ಭಾಳ ಚಂದ ಅದಾವ. ಅದಕ್ಕಽ ನಿಮ್ಮ ಯಜಮಾನ ನಿನ್ನ ಕಡೆ ಬರಸ್ತಾನ. ಕೆಟ್ಟ ಅಕ್ಷರದಾಗ ಬರದಿದ್ರ ಯಾರರೆ ಒಬ್ಬರು 'ಏನಿದು?' ಅಂತ ಕೇಳತಿದ್ರು."

ಸಿಟ್ಟಿನಿಂದ ಹೇಳಲಿಲ್ಲ. ಚಹಾ ಕುಡಿದು ಹೋಗು ಎಂದ. ಕುಡಿದು ಹೊರಟೆ. ಆ ಚಳಿಗಾಲದಲ್ಲಿ ಅವನು ತೀರಿಕೊಂಡ. ಸುದ್ದಿ ತಂದವಳು ದುಂಡವ್ವ. ಅವಳೊಂದಿಗೆ ಮಣ್ಣಿಗೆ ಹೋಗಿ ಬಂದೆ. ನನ್ನನ್ನು 'ಲೇ' ಎನ್ನುವ ಮನುಷ್ಯ ಇನ್ನಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಮುಂದಿನ ಸಭೆಯಲ್ಲಿ ಯಜಮಾನರು ಸಂತಾಪದ ಠರಾವು ಹೇಳಿ ಬರೆಸಿದರು. "ಬರಕೋರಿ. ನಮ್ಮ ಮಾರ್ಗದರ್ಶನದಾಗ, ನಮ್ಮ ಕಲ್ಪನಾದಂಗ, ಕಸದ ಟೇಲರಿಗೆ ಯಂತ್ರ ಕೂಡಿಸಿದ ಗೇನಪ್ಪನವರು…" ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮುಗಿದ ಮೇಲೆ ಓದಿ ಹೇಳಿ ಎಂದರು. ಅವರು ಹೇಳಿದ್ದನ್ನೇ, ಒಂದು ಮಾತೂ ಬಿಡದೆ ಓದಿದೆ. ಅವರು ತಲೆಯಾಡಿಸಿದರು. ಪುಸ್ತಕದಲ್ಲಿ ಇದ್ದದ್ದು ಬೇರೆ: 'ದುಂಡವ್ವ ಇವಳ ಕೆಲಸವನ್ನು ಈ ಪಂಚಾಯತಿ ಕಸಿಯಲು ಹೊರಟಿತ್ತು. ಟಿಕೋಟಾದ ಗೇನಪ್ಪ ಮಿಸ್ತ್ರಿ ಅದನ್ನು ಉಳಿಸಿದ. ಅವನು ತೀರಿಕೊಂಡಿದ್ದಾನೆ.'

ಪುಸ್ತಕವನ್ನು ಅಧ್ಯಕ್ಷೆಯ ಮುಂದಿಟ್ಟೆ. ಅಂದು ಅವರು ಪೆನ್ನು ಹಿಡಿದು ಸಾಲಿನ ಮೇಲೆ ಕಣ್ಣಾಡಿಸಿದರು. ಮತ್ತೊಮ್ಮೆ ಓದಿದರು. ಯಜಮಾನರು "ಸಹಿ ಮಾಡ, ಏನ ನೋಡ್ತಿ?" ಎಂದರು. ಅಧ್ಯಕ್ಷೆ ಗಂಡನ ಕಡೆ ನೋಡಲಿಲ್ಲ. ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರವನ್ನು ಬಿಡಿಸಿ, ತಮ್ಮ ಪೂರ್ತಿ ಹೆಸರು ಬರೆದರು.