ಗುರಪ್ಪನ ತಾಯಿಯ ಹೆಸರು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಜೋಳ ಹಸನು ಮಾಡುತ್ತ "ಹೂಂ" ಅನ್ನುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ನನ್ನದನ್ನು ನೀವೂ ಹಾಗೆಯೇ ಕೇಳಿದರೆ ಬೇಸರವಿಲ್ಲ.

ನಮ್ಮ ಮನೆತನದ ಮೂಲಪುರುಷ ಗುರಪ್ಪ. ಐದು ತಲೆಮಾರಿನ ಹಿಂದೆ ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಯೊಂದರಿಂದ ಬನಹಟ್ಟಿಗೆ ನೇಯಲು ಬಂದವನು. ಅವನ ತಾಯಿ ಯಾರೆಂದು ತಿಳಿಯಬೇಕೆನ್ನುವುದೇ ಅಪ್ಪನ ಹಂಬಲ. ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಬುತ್ತಿ ಕಟ್ಟಿಸಿಕೊಂಡು ಬೀಳಗಿ ಬಸ್ಸು ಹತ್ತುತ್ತಿದ್ದರು. ಆ ಹಳ್ಳಿ ಹಿನ್ನೀರಿನಲ್ಲಿ ಮುಳುಗಿತ್ತು. ಚದುರಿಹೋದ ಮುದುಕರನ್ನು ಹುಡುಕಿ ಹುಡುಕಿ ಕೇಳುತ್ತಿದ್ದರು.

"ಮಾಸ್ತರ, ಇವತ್ತೂ ಸತ್ತವರ ವಿಳಾಸ ಹುಡಕಾಕ ಹೊಂಟ್ರೇನ್ರಿ?" ಎಂದು ಎದುರುಮನೆಯವರು ಕಾಡುತ್ತಿದ್ದರು. ಹೆಸರು ಸಿಗಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಹೆಳವ ಬಂದ. ಮನೆಮನೆಯ ವಂಶಾವಳಿ ಬರೆದಿಟ್ಟು, ಹಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳುವವರು ಇವರು. ಗಂಡಸರ ಹೆಸರಷ್ಟೇ ಬರೆಯುವುದು ಅವರ ಪದ್ಧತಿ. ಹಿಂದೊಮ್ಮೆ ಇದೇ ಮುದುಕನನ್ನು ಕೇಳಿ ಅಪ್ಪ ನಿರಾಶರಾಗಿದ್ದರು. ನಾನು ಮೊರದಲ್ಲಿ ಜೋಳ ತಂದಿಟ್ಟು ಕುಳಿತೆ. ಅವನು ರಾಗವಾಗಿ ಓದತೊಡಗಿದ: "ಬಾಳವ್ವನ ಮಗ ಗುರಪ್ಪ, ಗುರಪ್ಪನ ಮಗ..."

ತಡೆದೆ. "ನೀವು ಹೆಣ್ಣಮಕ್ಕಳ ಹೆಸರು ಬರಿಯೂದಿಲ್ಲಲ್ಲ ಕಾಕಾ?"

"ಇಲ್ರಿ ಅಕ್ಕಾರ. ಹೋದ ವರ್ಷ ಮಾಸ್ತರ ನಮ್ಮ ಗುಡಾರಕ್ಕ ಬಂದು ಬರಸೂತನಕಾ ಬಿಡಲಿಲ್ಲ. ಅಕ್ಷರ ಶುದ್ಧ ಇಲ್ಲ ಅಂತ ಎರಡ ಸಲ ಬರಿಸಿದ್ರು, ಈ ವಯಸ್ಸಿನಾಗ ನನಗ ಸಾಲಿ ಕಲಿಸಿದ್ರು ನೋಡ್ರಿ!"

ತೋರಿಸಿದ. ಮಾಸಿದ ಸಾಲುಗಳ ಮೇಲೆ ಹೊಸ ಮಸಿ. ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಹೆಸರು.

ಮುದುಕ ವರ್ಷದ ಲೆಕ್ಕ ತಪ್ಪಿರಬಹುದು ಅಂದುಕೊಂಡೆ. ಆದರೆ ಬದುಕಿದ್ದಾಗಲೇ ಆ ಹೆಸರು ಸಿಕ್ಕಿದ್ದರೆ ಅಪ್ಪ ಓಣಿಗೆಲ್ಲ ಪೇಢೆ ಹಂಚುತ್ತಿದ್ದರು. ಬೇರೆ ಯಾರೋ ಮಾಸ್ತರರೇ? ಕೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯೇ.

"ಹೆಂಗಿದ್ರು? ಸೊರಗಿದ್ರೇನು?"

"ಛಲೋ ಇದ್ರಲ್ರಿ! ಚಾ ಕೇಳಿ ಇಸಕೊಂಡು ಕುಡದ್ರು." ಅವನು ಪೆನ್ನು ತೆಗೆದ. "ಮನ್ಯಾಗ ಯಾರರ ತೀರಿಕೊಂಡಾರೇನ್ರಿ? ಬರಕೋಬೇಕು."

"ಯಾರೂ ಇಲ್ಲ" ಅಂದೆ.

ಜೋಳ ಕಟ್ಟಿಕೊಂಡು ಅವನು ತೇರದಾಳದ ಕಡೆ ಹೋದ. ಆ ಪುಸ್ತಕ ಈಗ ಯಾವ ಊರಿನಲ್ಲಿದೆಯೋ ಗೊತ್ತಿಲ್ಲ. ಅದರಲ್ಲಿ ಅಪ್ಪ ಇನ್ನೂ ಬದುಕಿದ್ದಾರೆ. ಬಾಳವ್ವನ ಹೆಸರು ಅದರೊಳಗೆ ಹೇಗೆ ಬಂತೆಂದು ನನ್ನನ್ನು ಕೇಳಬೇಡಿ.