ಸ್ಕ್ರೀನಿನ ಮೇಲೆ ಒಂದು ಗುಟುಕು

ಭಾಲ್ಕಿಯ ನನ್ನ ಅಕ್ಕನ ಮನೆಯಲ್ಲಿ ಕುಡಿಯುವವರಿಗೆ ಪಡಸಾಲೆಯೇ ಗಡಿ. ಔರಾದಿನಿಂದ ಅವಳ ಮೈದುನ ಹಬ್ಬಕ್ಕೆ ಬಂದರೂ ಊಟ ಅಲ್ಲೇ, ಮಾತೂ ಅಲ್ಲೇ. ದಿನಾ ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟದ ಅಕ್ಕ ಅವಳು. ಅಂಥ ಮನೆಯೊಳಗೆ ಆಲ್ಕೋಹಾಲ್ ತಂದಿಟ್ಟವರು ಯಾರು ಗೊತ್ತೇ?

ನಾನು!

ಅಕ್ಕನ ಸೊಸೆ ಸಂಗೀತಾ ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು, ಊಟ ಸೇರದು. ಬಾಣಂತಿಯರಿಗೆ ಕೊಡುವ ಅರಿಷ್ಟದ ಬಾಟಲಿ ನಿಮಗೂ ಗೊತ್ತಿರಬೇಕು. ನನ್ನ ಹೆರಿಗೆಯಾದಾಗ ಅವ್ವ ಅದನ್ನು ನನಗೂ ಕುಡಿಸಿದ್ದಳು. ಹೆತ್ತ ಮೇಲೆ ಶಕ್ತಿ ಕೊಡುವುದು ಹೆರುವ ಮೊದಲು ಕೊಡದೇ ಇರುತ್ತದೆಯೇ? ಈ ಘನವಾದ ಲಾಜಿಕ್ ಇಟ್ಟುಕೊಂಡು ಬೀದರಿನ ಚಿದ್ರಿಯಲ್ಲಿ, ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು ಭಾಲ್ಕಿಗೆ ಒಯ್ದೆ. (ಡಾಕ್ಟರನ್ನು ಕೇಳಿದಿರಾ ಅನ್ನಬೇಡಿ. ಗಿಡಮೂಲಿಕೆಗೆಲ್ಲ ಡಾಕ್ಟರನ್ನು ಕೇಳುವವರು ನಮ್ಮಲ್ಲಿ ಎಷ್ಟು ಜನ?) ಅಕ್ಕ ದಿನಕ್ಕೆ ಎರಡು ಹೊತ್ತು, ಎರಡೆರಡು ಮುಚ್ಚಳ ಶುರು ಮಾಡಿದಳು.

ವಾರ ಕಳೆದಿತ್ತು. ಮತ್ತೆ ಭಾಲ್ಕಿಗೆ ಹೋದಾಗ ಔರಾದಿನ ಮೈದುನನೂ ಬಂದಿದ್ದ. ಪಡಸಾಲೆ ದಾಟಿ ಒಳಗೆ ಹೊರಟಿದ್ದ ಸಂಗೀತಾಳ ಕೈಯಿಂದ ಬಾಟಲಿ ತೆಗೆದುಕೊಂಡು ಮೂಸಿದ. ಈ ವಿಷಯದಲ್ಲಿ ಅವನ ಮೂಗು ಎಕ್ಸ್‌ಪರ್ಟ್. ಲೇಬಲ್ ತಿರುಗಿಸಿ ಓದಿ, ತಣ್ಣಗೆ ಕೇಳಿದ:

“ವೈನಿ, ನನಗ ಹೊರಗ ಕೂಡಸಿ ಸೊಸಿಗಿ ಒಳಗ ಕುಡಸ್ಲಾಕತ್ತೀರೇನ್ರಿ?”

ಸಣ್ಣ ಅಕ್ಷರದಲ್ಲಿತ್ತು: ಸೆಲ್ಫ್ ಜನರೇಟೆಡ್ ಆಲ್ಕೋಹಾಲ್. ಯಾರೂ ಬೆರೆಸಿದ್ದಲ್ಲ, ಕಷಾಯ ಹುದುಗಿದಾಗ ತಾನಾಗಿ ಹುಟ್ಟುವುದು. ಅಕ್ಕ ಬಾಟಲಿ ಕಸಿದುಕೊಂಡು ಲೇಬಲ್ಲನ್ನು ಕಣ್ಣ ಹತ್ತಿರ ಹಿಡಿದಳು. ಸಂಗೀತಾ ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

“ಸಣ್ಣತ್ತಿ, ಕೂಸಿಗಿ ಏನರ ಆಗ್ಯಾದೇನ್ರಿ?”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಅಕ್ಕ, ಸಂಗೀತಾ, ನಾನು ಮೂವರೂ ಬೀದರಿನಲ್ಲಿ ಡಾಕ್ಟರಮ್ಮನ ಎದುರಿಗಿದ್ದೆವು. ಅವರು ಬೈಯಲೂ ಇಲ್ಲ, ಸಮಾಧಾನದ ಸುಳ್ಳೂ ಹೇಳಲಿಲ್ಲ. ಇವತ್ತೇ ನಿಲ್ಲಿಸಿ ಎಂದರು. ಬಸುರಿಗೆ ಇಷ್ಟು ಆಲ್ಕೋಹಾಲ್ ಆದರೆ ಪರವಾಗಿಲ್ಲ ಅನ್ನುವ ಅಳತೆ ಯಾರ ಬಳಿಯೂ ಇಲ್ಲವಂತೆ. ಬಿಯರ್ ಆಗಲಿ, ವೈನ್ ಆಗಲಿ, ತಂಪು ಅಂತ ಕೊಡುವ ಸೇಂದಿಯಾಗಲಿ. ಹಾಗಂತ ತಿಳಿಯದೆ ಒಂದು ವಾರ ಕುಡಿದದ್ದಕ್ಕೆ ಎದೆ ಒಡೆದುಕೊಳ್ಳುವುದೂ ಬೇಡ ಎಂದರು. ಐದನೇ ತಿಂಗಳ ಸ್ಕ್ಯಾನ್ ಹೇಗೂ ಬಾಕಿಯಿತ್ತು.

ಸ್ಕ್ಯಾನ್ ರೂಮಿನ ಸ್ಕ್ರೀನ್ ಮೇಲೆ ಮೊದಲು ಬರೀ ಬೂದು ಮೋಡ. ಆಮೇಲೆ ಒಂದು ಹಣೆ, ಒಂದು ಪುಟ್ಟ ಮೂಗು. ಇದ್ದಕ್ಕಿದ್ದಂತೆ ತುಟಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

“ನೋಡ್ರಿ, ನೀರು ಕುಡೀಲಾಕತ್ತದ,” ಎಂದರು ಡಾಕ್ಟರಮ್ಮ.

ನನ್ನ ಮೈಮೇಲೆ ಮುಳ್ಳೆದ್ದಿತು. ಎರಡು ಹೆತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ! ಹಗಲೂ ರಾತ್ರಿ ಕತ್ತಲೆಯಾಗಿರುವ ಆ ಜಾಗದಲ್ಲಿ, ಯಾರೂ ಕಲಿಸದೆ, ಒಂದು ಗೇಣುದ್ದದ ಜೀವ ತನ್ನ ಸುತ್ತಲಿನ ನೀರನ್ನು ಗುಟುಕು ಗುಟುಕಾಗಿ ನುಂಗುತ್ತಿದೆ. ತಾಯಿ ಕುಡಿದ ಆಲ್ಕೋಹಾಲ್ ಹೊಕ್ಕುಳಬಳ್ಳಿಯಿಂದ ಕೂಸಿನ ರಕ್ತಕ್ಕೂ ಸೇರುತ್ತದೆ, ಆ ನೀರಿಗೂ ಸೇರುತ್ತದೆ. ಅದನ್ನು ಕರಗಿಸಿ ಹೊರಹಾಕುವ ಲಿವರ್ ಇನ್ನೂ ಬಲಿತಿರುವುದಿಲ್ಲವಂತೆ. ಅಕ್ಕ ಎರಡೂ ಕೈ ಜೋಡಿಸಿ ನಿಂತುಬಿಟ್ಟಿದ್ದಳು.

ಎಲ್ಲ ಸರಿಯಾಗಿ ಕಾಣುತ್ತಿದೆ ಎಂದರು ಡಾಕ್ಟರಮ್ಮ. ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ, ಮೆದುಳು ಕೊನೆಯ ದಿನದವರೆಗೂ ಬೆಳೆಯುತ್ತಿರುತ್ತದೆ, ಹುಷಾರಾಗಿರಿ ಎಂದೂ ಸೇರಿಸಿದರು.

ಹೊರಗೆ ಬಂದು ಆಟೊಕ್ಕೆ ಕಾಯುವಾಗ ಸಂಗೀತಾ ಮೆಲ್ಲಗೆ ಬಾಯಿಬಿಟ್ಟಳು.

“ಅದರ ವಾಸನಿ ನನಗ ಮೊದಲಿಂದೇ ಸೇರ್ತಿದ್ದಿಲ್ಲರಿ. ನೀವು ಬೇಜಾರ ಮಾಡ್ಕೋತೀರಂತ ಕುಡ್ದೆ.”

ಓದು ಬರಹ ಬಲ್ಲ, ಬಾಯಿರುವ ಈ ಹುಡುಗಿಗೇ ನಮ್ಮ ಪ್ರೀತಿಗೆ ಬೇಡ ಅನ್ನಲು ಆಗಲಿಲ್ಲ. ಇನ್ನು ಆ ಪುಟ್ಟ ತುಟಿ ಯಾರ ಮುಂದೆ ಬೇಡ ಅಂದೀತು?