ಎಡದಿಂದ ಮೂರನೆಯವನು

ಏವರ್ಟ್ ಸ್ಕೂಗೆಲಿನ್ ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಸಿಗೆ ಸುರಿದ ಕಾಫಿಯನ್ನು ಇನ್ನೇನು ಹೀರಬೇಕು, ಅಷ್ಟರಲ್ಲಿ ಇಂಜಿನಿಯರ್ ಸೆಡರ್‌ಮಾರ್ಕ್ ಮೇಜಿನ ಮೇಲೆ ತಿದ್ದುವುದಕ್ಕೆ ಬಂದಿದ್ದ ಒಂದು ಕರಡು ಅಚ್ಚುಪ್ರತಿ ಇಟ್ಟರು. 1949ರ ಆ ವರ್ಷ ಸ್ವೀಡನ್ನಿನ ಆ ರೈಲು ಎಂಜಿನ್ ಕಾರ್ಖಾನೆಗೆ ಎಪ್ಪತ್ತೈದು ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಹೊಣೆ ಅವರದು. ಅಚ್ಚುಪ್ರತಿಯಲ್ಲಿ 1921ರ ಒಂದು ಫೋಟೋ: ಐನೂರನೆಯ ಎಂಜಿನ್, ಮುಂದೆ ಬಾಯ್ಲರ್ ವಿಭಾಗದವರ ಸಾಲು. ಕೆಳಗೆ ಹೀಗಿತ್ತು: ‘ಎಡದಿಂದ ಮೂರನೆಯವನು, ಅಪರಿಚಿತ ಕೆಲಸಗಾರ.’

"ಅಪರಿಚಿತನಾ? ಅವನು ಆಲ್ಗೋಟ್ ರೂಸ್‌ವಾಲ್!"

ಆ ಮಾತು ಹೊರಗಿನ ಅಂಗಳಕ್ಕೂ ಕೇಳಿಸಿತು. ಬಾಯ್ಲರಿನ ಹೊಟ್ಟೆಯೊಳಗೆ ಕೂತು ತಗಡು ಬೆಸೆಯುವ ರಿವೆಟ್ ಮೊಳೆಗಳಿಗೆ ಒಳಗಿನಿಂದ ಆನಿಕೆ ಕೊಟ್ಟೂ ಕೊಟ್ಟೂ ಏವರ್ಟ್‌ನ ಕಿವಿ ಹೋಗಿತ್ತು. ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಹೊರಗಿನಿಂದ ಸುತ್ತಿಗೆ ಬಡಿಯುತ್ತಿದ್ದವನು ಆಲ್ಗೋಟ್. ಫೋಟೋ ತೆಗೆದ ಎಂಟನೆಯ ದಿನ, ಆವಿ ಏರಿಸಿ ಪರೀಕ್ಷಿಸುವಾಗ ಅದೇ ಎಂಜಿನ್ನಿನ ಬಾಯ್ಲರ್ ಸಿಡಿದು ಅವನು ಸತ್ತ.

"ಹೆಸರು ಹಾಕಿದ್ರೆ ಏನಾದ ಅಂತ ಜನ ಕೇಳ್ತಾರೆ, ಸ್ಕೂಗೆಲಿನ್. ಇದು ಹಬ್ಬದ ಪುಸ್ತಕ."

"ಕೇಳ್ಲಿ! ಬಾಯ್ಲರ್ ತಗಡು ಬಿರುಕು ಬಿಟ್ಟಿದೆ ಅಂತ ಮೇಸ್ತ್ರಿಗೆ ನಾನೇ ಹೇಳಿದ್ದೆ. ಬಣ್ಣ ಹೊಡಿ, ಕಾಣಲ್ಲ ಅಂದ. ಇಂಜಿನಿಯರ್ ಅದನ್ನೂ ಬರೀಲಿ!"

ಆಗಿನ ಸ್ವೀಡನ್ನಿನ ರೂಢಿಯಂತೆ, ಎದುರಿಗಿದ್ದರೂ ಮೇಲಿನವರನ್ನು ಹೀಗೆ ಪದವಿ ಹಿಡಿದೇ, ಬೇರೆ ಯಾರ ಬಗ್ಗೆಯೋ ಹೇಳುವಂತೆ ಮಾತಾಡಿಸಬೇಕು. ‘ನೀನು’ ಎನ್ನುವ ಸಲುಗೆಯನ್ನು ಮೇಲಿನವರೇ ಕೊಡಬೇಕು. ಕೊಟ್ಟರೆ ಅದು ಸಾಯುವ ತನಕ. ಸೆಡರ್‌ಮಾರ್ಕ್ ಎದ್ದು ಕೈ ಚಾಚಿದರು.

"ಇನ್ನು ಪದವಿ ಗಿದವಿ ಬೇಡ. ನಾನು ರಗ್ನಾರ್. ನನ್ನನ್ನ ನೀನು ಅನ್ನು."

ತುಟಿ ನೋಡಿಯೇ ಏವರ್ಟ್‌ಗೆ ಅರ್ಥವಾಗಿತ್ತು. ಆದರೂ ಕಿವಿಗೆ ಕೈ ಹಿಡಿದ. "ಇಂಜಿನಿಯರ್ ಏನಂದ್ರು?"

"ನನ್ನನ್ನ ನೀನು ಅನ್ನು ಅಂದೆ!" ಇಂಜಿನಿಯರ್ ಕಿರುಚಿದರು.

ಹೊರಗೆ ಸುತ್ತಿಗೆಗಳು ನಿಂತವು. "ಲೋ, ಮುದುಕನಿಗೆ ಹೊಸ ನೆಂಟಸ್ತನ ಕಣ್ರೋ!" ಎಂದು ಯಾರೋ ನಕ್ಕರು.

ಏವರ್ಟ್‌ನ ಕುತ್ತಿಗೆ ಕೆಂಪೇರಿತು. "ನನ್ನನ್ನ ನೀನು ಅಂತಿದ್ದವನು ಆಲ್ಗೋಟ್. ಅವನ ಬಾಯಿ ಮುಚ್ಚಿಸಿದ್ದಾಯ್ತು, ಈಗ ಅದೇ ‘ನೀನು’ ಕೊಟ್ಟು ನನ್ನ ಬಾಯನ್ನೂ ಮುಚ್ಚಿಸ್ತಾರಾ? ಇಂಜಿನಿಯರ್ ಮೊದಲು ಅವನ ಹೆಸರು ಹಾಕ್ಲಿ. ಕೈ ಆಮೇಲೆ."

ಚಾಚಿದ ಕೈ ಹಾಗೇ ಉಳಿಯಿತು. ಏವರ್ಟ್ ಬಸಿಯ ಕಾಫಿ ಮುಗಿಸಿ ಕೆಲಸಕ್ಕೆ ಹೋದ.

ಅಕ್ಟೋಬರಿನಲ್ಲಿ ಪುಸ್ತಕ ಬಂತು. ಎಡದಿಂದ ಮೂರನೆಯವನು ಅಪರಿಚಿತನಾಗಿಯೇ ಇದ್ದ. ನಿವೃತ್ತಿಗೆ ಉಳಿದಿದ್ದ ನಾಲ್ಕು ವರ್ಷವೂ ಏವರ್ಟ್ ಸೆಡರ್‌ಮಾರ್ಕರನ್ನು ಇಂಜಿನಿಯರ್ ಎಂದೇ ಕರೆದ.